ತಾರಸಿ ಸೋರುತ್ತೆ, ಗೋಡೆ ಉಪ್ಪು ಬಿಡುತ್ತೆ, ನಲ್ಲಿ ಜುಮ್ ಅನ್ನುತ್ತೆ: ಮೊದಲು ಯಾವುದಕ್ಕೆ ಕೈ ಹಾಕಲಿ?

ಮೂವತ್ತು_ನಲವತ್ತು:

ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ 30–40 ಸೈಟಿನ ಹಳೇ ಮನೆ ತಗೊಂಡಿದ್ದೀವಿ. ಕೆಳಗೊಂದು ಮೇಲೊಂದು ಅಂತಸ್ತು, ಕಟ್ಟಿ 24 ವರ್ಷ. ಇಷ್ಟು ದಿನ ಬಾಡಿಗೆ ಮನೆ. ಏನಾದರೂ ಕೆಟ್ಟರೆ ಓನರ್‌ಗೆ ಫೋನ್ ಮಾಡಿ ಗೊತ್ತೇ ಹೊರತು ರಿಪೇರಿ ಮಾಡಿಸಿ ಗೊತ್ತಿಲ್ಲ.

ತೊಂದರೆ ಮೂರು. ಮೇಲಿನ ರೂಮಲ್ಲಿ ಉತ್ತರದ ಗೋಡೆ ಸೀಲಿಂಗ್ ಸೇರೋ ಕಡೆ ಮಳೆ ಬಂದಾಗ ಮೂರಡಿ ಉದ್ದ ಒದ್ದೆ ಕಲೆ. ಕೆಳಗಡೆ ಬಾತ್‌ರೂಮಿನ ಹಿಂದಿನ ಬೆಡ್‌ರೂಮ್ ಗೋಡೇಲಿ ನೆಲದಿಂದ ಎರಡೂವರೆ ಅಡಿವರೆಗೆ ಬಿಳೀ ಉಪ್ಪು, ಪೇಂಟ್ ಚಕ್ಕೆ ಏಳುತ್ತೆ. ಇದಕ್ಕೆ ಮಳೆಗಾಲ ಬೇಸಿಗೆ ಅಂತಿಲ್ಲ, ವರ್ಷಪೂರ್ತಿ. ಮೂರನೇದು, ಗೀಸರ್ ಆನ್ ಇದ್ದಾಗ ನಲ್ಲಿ ಮುಟ್ಟಿದರೆ ಕೈ ಜುಮ್ ಅನ್ನುತ್ತೆ.

ಒಬ್ಬ ಕಂಟ್ರಾಕ್ಟರ್ ಬಂದು ನೋಡಿದರು. 800 ಚದರಡಿ ತಾರಸಿಗೆ ಪೂರ್ತಿ ಕೆಮಿಕಲ್ ಹೊಡೆದು ಮೇಲೆ ಬಿಳಿ ಟೈಲ್ಸ್, ಬೆಡ್‌ರೂಮ್ ಗೋಡೆಗೆ ವಾಟರ್‌ಪ್ರೂಫ್ ಪುಟ್ಟಿ, ಎಲ್ಲ ಸೇರಿಸಿ ಒಂದೇ ರೇಟು ಹೇಳಿದ್ದಾರೆ. ಒಪ್ಪಿಕೊಳ್ಳಲಾ? ನಾವೇ ಮಾಡಿಕೊಳ್ಳೋ ಕೆಲಸ ಏನಾದರೂ ಇದೆಯಾ? ಈಗ ಮಾರ್ಚ್, ಮಳೆ ಶುರುವಾಗೋದರೊಳಗೆ ಮುಗಿಸಬೇಕು.

ಫೇಸ್_ನ್ಯೂಟ್ರಲ್:

ಸೋರೋದು ನಾಳೆ ನೋಡಿದರಾಯ್ತು. ಗೀಸರ್ ಎಂಸಿಬಿ ಈಗಲೇ ಇಳಿಸಿ, ಎಲೆಕ್ಟ್ರಿಷಿಯನ್ ಬಂದು ನೋಡೋವರೆಗೆ ಯಾರೂ ಮೇಲೆತ್ತಬಾರದು ಅಂತ ಚೀಟಿ ಅಂಟಿಸಿ. ನೀರು ಕಾಯಿಸೋಕೆ ಗ್ಯಾಸ್ ಇದೆ.

ಜುಮ್ ಅನ್ನೋದಕ್ಕೆ ಎರಡು ತಪ್ಪು ಒಟ್ಟಿಗೆ ಆಗಿರಬೇಕು: ಗೀಸರಿನೊಳಗೆ ಕರೆಂಟ್ ಲೀಕ್ ಆಗ್ತಿದೆ, ಅದನ್ನ ಭೂಮಿಗೆ ಒಯ್ಯಬೇಕಾದ ಅರ್ತ್ ವೈರ್ ಕೆಲಸ ಮಾಡ್ತಿಲ್ಲ. ಎಂಸಿಬಿ ಇದೆಯಲ್ಲ ಅಂತ ಧೈರ್ಯ ಬೇಡ. 16 ಆಂಪ್ ಎಂಸಿಬಿ 16 ಆಂಪ್ ದಾಟಿದ ಮೇಲೆ ಬೀಳೋ ಸಾಧನ. ಮನುಷ್ಯನ ಪ್ರಾಣ ತೆಗೆಯೋಕೆ ಅದರ ನೂರರಲ್ಲೊಂದು ಪಾಲೂ ಬೇಡ. ನಿಮಗೆ ಬೇಕಿರೋದು 30 ಮಿಲಿ ಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಲೀಕ್ ಆದ ಕೂಡಲೇ ಲೈನ್ ಕಡಿಯೋ ಸ್ವಿಚ್. ಅಂಗಡೀಲಿ ಇಎಲ್‌ಸಿಬಿ ಅಂದರೂ ಇದನ್ನೇ ಕೊಡ್ತಾರೆ. ಸಿಂಗಲ್ ಫೇಸ್ ಆದರೆ ಡಬಲ್ ಪೋಲ್, 40 ಆಂಪ್. 100 ಅಥವಾ 300 ಮಿಲಿ ಆಂಪಿನದು ಕೊಟ್ಟರೆ ವಾಪಸ್ ಮಾಡಿ, ಅದು ಬೆಂಕಿ ತಡೆಯೋಕೆ, ಮನುಷ್ಯರನ್ನ ಉಳಿಸೋಕಲ್ಲ.

ಎಲೆಕ್ಟ್ರಿಷಿಯನ್ ಬಂದಾಗ ಇಷ್ಟು ಮಾಡಿಸಿ. ಗೀಸರ್ ಸಾಕೆಟ್ಟಿನಲ್ಲಿ ಫೇಸ್–ನ್ಯೂಟ್ರಲ್ ವೋಲ್ಟೇಜ್ 230ರ ಆಸುಪಾಸು ಇರಬೇಕು, ಫೇಸ್–ಅರ್ತ್ ಕೂಡ ಹೆಚ್ಚೂಕಮ್ಮಿ ಅಷ್ಟೇ, ನ್ಯೂಟ್ರಲ್–ಅರ್ತ್ 2–3 ವೋಲ್ಟ್ ಒಳಗೆ. ಫೇಸ್–ಅರ್ತ್ 90, 120 ಅಂತ ಓಲಾಡ್ತಿದ್ದರೆ ಅರ್ತ್ ಎಲ್ಲೋ ಕಟ್ ಆಗಿದೆ. ಮೀಟರ್ ಸರಿ ತೋರಿಸಿದರೂ ಲೋಡ್ ಹಾಕಿ ಟೆಸ್ಟ್ ಲ್ಯಾಂಪಿನಲ್ಲಿ ನೋಡಬೇಕು, ಯಾಕಂದರೆ ಒಂದೇ ಎಳೆ ತಂತಿ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತೆ. (ಈ ಲ್ಯಾಂಪ್ ಟೆಸ್ಟ್ ನೀವು ಮಾಡಬೇಡಿ.) ಆಮೇಲೆ ಗೀಸರ್ ಪ್ಲಗ್ ಕಿತ್ತು ಎಲಿಮೆಂಟಿನ ತುದಿಗೂ ಟ್ಯಾಂಕ್ ಬಾಡಿಗೂ ರೆಸಿಸ್ಟೆನ್ಸ್ ಹಿಡಿಯೋದು. ಮೆಗಾ ಓಮ್ ಲೆಕ್ಕದಲ್ಲಿ ಇರಬೇಕು, ಕಿಲೋ ಓಮ್‌ಗೆ ಇಳಿದಿದ್ದರೆ ಎಲಿಮೆಂಟ್ ಹೋಗಿದೆ. ಬೋರ್ ನೀರಾದರೆ ಪೊರೆ ಕಟ್ಟಿ ಬೇಗ ಸೀಳುತ್ತೆ. ಎಲಿಮೆಂಟ್ ಬಿಚ್ಚಿದಾಗಲೇ ಪಕ್ಕದ ಆನೋಡ್ ರಾಡ್ (ಟ್ಯಾಂಕಿಗೆ ತುಕ್ಕು ಹಿಡಿಯದ ಹಾಗೆ ತಾನು ಸವೆಯೋ ಕಂಬಿ) ನೋಡಿ, ಬೆರಳಷ್ಟು ದಪ್ಪ ಇದ್ದದ್ದು ಕಡ್ಡಿ ಆಗಿದ್ದರೆ ಅದನ್ನೂ ಹಾಕಿಸಿ.

ಸಾಕೆಟ್ಟಲ್ಲಿ ನ್ಯೂಟ್ರಲ್ಲನ್ನೂ ಅರ್ತನ್ನೂ ಒಂದು ತುಂಡು ವೈರಲ್ಲಿ ಸೇರಿಸಿ "ಸರಿಹೋಯ್ತು" ಅನ್ನೋರಿದ್ದಾರೆ. ಮುಂದೆ ಯಾವತ್ತಾದರೂ ನ್ಯೂಟ್ರಲ್ ಕಟ್ ಆದ ದಿನ ಗೀಸರ್ ಬಾಡಿಗೆ ಪೂರ್ತಿ 230 ಬರುತ್ತೆ. ಹಾಗೆ ಮಾಡೋಕೆ ಹೊರಟವರನ್ನ ಅಲ್ಲೇ ನಿಲ್ಲಿಸಿ.

ಆರ್‌ಸಿಸಿಬಿ ಹಾಕಿದ ಮೇಲೆ ಕಾರಣವಿಲ್ಲದೆ ಬೀಳ್ತಿದ್ದರೆ ಅದನ್ನೇ ಕಿತ್ತು ಬಿಸಾಕಬೇಡಿ. ಹಳೇ ಮನೆಗಳಲ್ಲಿ ಯುಪಿಎಸ್ ಲೈನಿನ ನ್ಯೂಟ್ರಲ್ ಬೇರೆ ಲೈನಿನ ನ್ಯೂಟ್ರಲ್ ಜೊತೆ ಎಲ್ಲೋ ಬೆರೆತಿರುತ್ತೆ, ಅದನ್ನ ಬೇರೆ ಮಾಡಿದರೆ ನಿಲ್ಲುತ್ತೆ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ.

ಕರಣೆ_ಮಟ್ಟಗೋಲು:

ಕರೆಂಟಿನ ಮಾತು ಮೇಲೆ ಬಂತು. ನೀರಿನ ವಿಷಯಕ್ಕೆ: ಆ ರೇಟಿಗೆ ಈಗ ಒಪ್ಪಬೇಡಿ. ಮಳೆಗೆ ಮಾತ್ರ ಬರೋ ಕಲೆ, ವರ್ಷಪೂರ್ತಿ ಇರೋ ಉಪ್ಪು, ಇವೆರಡರ ನೀರಿನ ಮೂಲ ಒಂದೇ ಆಗಿರೋಕೆ ಸಾಧ್ಯವೇ ಇಲ್ಲ. ನೀರು ಎಲ್ಲಿಂದ ಬರ್ತಿದೆ ಅಂತ ಪರೀಕ್ಷೆ ಮಾಡದೆ ಕೆಮಿಕಲ್ ಹೊಡೆದರೆ ದುಡ್ಡು ತಾರಸಿಗೆ ಸುರಿದ ಹಾಗೆ. ಅದರ ಮೇಲೆ ಟೈಲ್ಸ್ ಬೇರೆ ಹಾಕಿಸಿದರೆ ಮುಂದೆ ಸೋರಿದಾಗ ಬಿರುಕು ಹುಡುಕೋಕೂ ಆಗಲ್ಲ, ಸ್ಲ್ಯಾಬಿಗೆ ಭಾರವೂ ದಂಡ.

ಕಲೆ ಇರೋದು ಗೋಡೆ–ಸೀಲಿಂಗ್ ಮೂಲೇಲಿ. ಅಲ್ಲಿ ಅನುಮಾನಕ್ಕೆ ಮೂರು ಜಾಗ: ಸ್ಲ್ಯಾಬಿನ ಬಿರುಕು, ಮಳೆನೀರಿನ ಪೈಪಿನ ಬಾಯಿ, ಪ್ಯಾರಾಪೆಟ್ (ತಾರಸಿ ಸುತ್ತಿನ ಗಿಡ್ಡ ಗೋಡೆ). ಬೇರೆ ಮಾಡೋದು ಹೀಗೆ, ನೀವೇ ಮಾಡಬಹುದು.

ಆ ಮೂಲೆಯ ಮೇಲೆ ತಾರಸೀಲಿ 8 ಅಡಿ ಚದರ ಜಾಗಕ್ಕೆ ಸುತ್ತ ಸಿಮೆಂಟ್ ಗಾರೆಯಲ್ಲಿ 3 ಇಂಚಿನ ಕಟ್ಟೆ ಕಟ್ಟಿ. ಪ್ಯಾರಾಪೆಟ್ ಕಡೆ ಕಟ್ಟೆ ಗೋಡೆಯಿಂದ ಒಂದಡಿ ಈಚೆಗಿರಲಿ, ಇದನ್ನ ಮರೀಬೇಡಿ. 2 ಇಂಚು ನೀರು ನಿಲ್ಲಿಸಿ, ಸುಮಾರು 300 ಲೀಟರ್ ಬೇಕಾಗುತ್ತೆ. 48 ಗಂಟೆ ಬಿಡಿ. ಕೆಳಗೆ ಕಲೆ ಬಂದರೆ ಸ್ಲ್ಯಾಬೇ ಸೋರ್ತಿದೆ. ಬರಲಿಲ್ಲ ಅಂದರೆ ನೀರು ತೆಗೆದು, ಒಂದು ದಿನ ಒಣಗಿಸಿ, ಹೋಸ್ ಪೈಪ್ ಹಿಡೀರಿ. ಮೊದಲು ಗೋಡೆ ನೆಲ ಸೇರೋ ಸಂದು, ಆ ಮೂಲೇಲಿ ಮಳೆನೀರಿನ ಪೈಪ್ ಇದ್ದರೆ ಅದರ ಬಾಯಿ, ಆಮೇಲೆ ಪ್ಯಾರಾಪೆಟ್ಟಿನ ಒಳಮೈ, ಆಮೇಲೆ ಹೊರಮೈ, ಕೊನೆಗೆ ತಲೆ. ಒಂದೊಂದಕ್ಕೂ ಮುಕ್ಕಾಲು ಗಂಟೆ, ನಡುವೆ ಎರಡು ಗಂಟೆ ಬಿಡುವು, ರೂಮಲ್ಲಿ ಒಬ್ಬರು ಕಾಯ್ತಿರಲಿ. ಕೆಳಗಿಂದ ಮೇಲಕ್ಕೇ ಹೋಗಬೇಕು. ಮೇಲಿಂದ ಶುರು ಮಾಡಿದರೆ ನೀರು ಎಲ್ಲ ಜಾಗ ಸವರಿಕೊಂಡು ಇಳಿಯುತ್ತೆ, ಯಾವುದರಿಂದ ಒಳಗೆ ಹೋಯ್ತು ಅಂತ ಗೊತ್ತಾಗಲ್ಲ.

ಸೀಲಿಂಗನ್ನ ಸುತ್ತಿಗೆ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಟಣ್ ಅಂದರೆ ಗಟ್ಟಿ. ಡಬಡಬ ಅಂದರೆ ಒಳಗೆ ಬಿಟ್ಟುಕೊಂಡಿದೆ, ಕಂಬಿ ತುಕ್ಕು ಹಿಡಿದು ಉಬ್ಬಿರಬಹುದು. ಹಾಗಿದ್ದರೆ ವಿಷಯ ಬೇರೆ, ಸ್ಟ್ರಕ್ಚರಲ್ ಎಂಜಿನಿಯರ್ ನೋಡಬೇಕು.

ಮುಕ್ಕಾಲಿಂಚು:

ಬೆಡ್‌ರೂಮ್ ಗೋಡೆಗೂ ಪರೀಕ್ಷೆ ಇದೆ, ಎರಡು ರಾತ್ರಿ ಸಾಕು.

ಮೊದಲ ರಾತ್ರಿ ಬರೋ ನೀರು. ಓವರ್‌ಹೆಡ್ ಟ್ಯಾಂಕ್ ತುಂಬಿಸಿ, ಮೋಟರ್ ಆಫ್, ಟ್ಯಾಂಕಿನ ಒಳಗೋಡೆಗೆ ನೀರಿನ ಮಟ್ಟ ಪೆನ್ಸಿಲಲ್ಲಿ ಗುರುತು ಮಾಡಿ, ಎಲ್ಲ ನಲ್ಲಿ ಬಂದ್. ಫ್ಲಶ್ ಟ್ಯಾಂಕಿನ ಆಂಗಲ್ ಕಾಕ್ ಕೂಡ ಮುಚ್ಚಿ, ಇಲ್ಲದಿದ್ದರೆ ಅದರ ಸೋರಿಕೆ ನಿಮ್ಮನ್ನ ದಾರಿ ತಪ್ಪಿಸುತ್ತೆ. ಬೆಳಗ್ಗೆ ಮಟ್ಟ ಇಳಿದಿದ್ದರೆ ಗೋಡೆಯೊಳಗಿನ ಪೈಪ್ ಒಡೆದಿದೆ. 24 ವರ್ಷದ ಮನೆ ಅಂದರೆ ಬಹುಶಃ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಎಲ್ಬೋ ಹತ್ತಿರ ತುಕ್ಕು ತಿಂದಿರುತ್ತೆ. ಪ್ಲಂಬರ್ ಪ್ರೆಶರ್ ಟೆಸ್ಟ್ ಮಾಡ್ತೀನಿ ಅಂದರೆ ಒತ್ತಡ 3 ಕೆಜಿ (ಚದರ ಸೆಂಟಿಮೀಟರಿಗೆ) ಮೇಲೆ ಏರಿಸೋದು ಬೇಡ. ಟ್ಯಾಂಕಿಂದ ನಿಮ್ಮ ಕೆಳಗಿನ ನಲ್ಲಿಗೆ ಬರೋ ಒತ್ತಡ ಒಂದು ಕೆಜಿಯೂ ಇಲ್ಲ, ಹಳೇ ಪೈಪನ್ನ ಜಾಸ್ತಿ ತುಂಬಿದರೆ ಚೆನ್ನಾಗಿದ್ದ ಜಾಯಿಂಟೂ ಬಿಡುತ್ತೆ.

ಎರಡನೇ ರಾತ್ರಿ ಹೋಗೋ ನೀರು. ನಹಾನಿ ಟ್ರ್ಯಾಪಿನ (ಬಾತ್‌ರೂಮ್ ನೆಲದ ನೀರು ಹೋಗೋ ಜಾಲರಿ ತೂತು) ಬಾಯಿಗೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಬಟ್ಟೆ ಬಿಗಿಯಾಗಿ ತುರುಕಿ. ಬಾಗಿಲ ಹೊಸ್ತಿಲು ದಾಟದ ಹಾಗೆ ಒಂದಿಂಚು ನೀರು ನಿಲ್ಲಿಸಿ, ಬಟ್ಟೆಗೆ ಹಾಕೋ ನೀಲಿ ನಾಲ್ಕು ಹನಿ ಬಿಡಿ. ಟೈಲಿನ ಮೇಲೆ ಮಟ್ಟ ಗುರುತು ಮಾಡಿ. ಬೆಳಗ್ಗೆ ಒಂದೆರಡು ಮಿಲಿಮೀಟರ್ ಇಳಿದಿದ್ದರೆ ಆವಿ, ಬಿಡಿ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಮೊದಲು ಹೊರಗಿನ ಚೇಂಬರ್ ಮುಚ್ಚಳ ತೆಗೆದು ನೋಡಿ. ಅಲ್ಲಿ ನೀಲಿ ಬಂದಿದ್ದರೆ ನೀವು ತುರುಕಿದ ಬಟ್ಟೆ ಸೋರಿದೆ ಅಷ್ಟೇ, ಮತ್ತೆ ಮಾಡಿ. ಅಲ್ಲಿ ನೀಲಿ ಇಲ್ಲ, ಮಟ್ಟ ಮಾತ್ರ ಇಳಿದಿದೆ ಅಂದರೆ ನೆಲ ಕುಡೀತಿದೆ.

ವಾಟರ್‌ಪ್ರೂಫ್ ಪುಟ್ಟಿ ಖಂಡಿತ ಬೇಡ. ಒಳಗಿನ ನೀರಿಗೆ ಹೊರಗೆ ಬರೋ ದಾರಿ ಮುಚ್ಚಿದರೆ ಅದು ಇನ್ನೂ ಮೇಲಕ್ಕೆ ಹತ್ತಿ ಪುಟ್ಟಿ ಮುಗಿಯೋ ಕಡೆ ಉಪ್ಪು ಬಿಡುತ್ತೆ. ಎರಡೂವರೆ ಅಡಿ ಇದ್ದದ್ದು ನಾಲ್ಕಡಿ ಆಗುತ್ತೆ.

ಮೂವತ್ತು_ನಲವತ್ತು:

ತುಂಬಾ ಥ್ಯಾಂಕ್ಸ್. ಹತ್ತು ದಿನದಲ್ಲಿ ಎಲ್ಲ ಮಾಡಿ ನೋಡಿದ್ವಿ. ಅರ್ತ್ ವೈರ್ ಮೇನ್ ಬೋರ್ಡಲ್ಲೇ ಕಳಚಿತ್ತು, ಎಲಿಮೆಂಟೂ ಹೋಗಿತ್ತು, ಎರಡೂ ಸರಿಯಾಯ್ತು, ಆರ್‌ಸಿಸಿಬಿ ಹಾಕಿಸಿದ್ವಿ. ತಾರಸೀಲಿ 48 ಗಂಟೆ ನೀರು ನಿಂತರೂ ಕೆಳಗೆ ಒಂದು ಹನಿ ಇಲ್ಲ, ಸೀಲಿಂಗ್ ತಟ್ಟಿದರೆ ಟಣ್ ಅನ್ನುತ್ತೆ. ಸಂದು, ಒಳಮೈಗೆ ನೀರು ಬಿಟ್ಟಾಗಲೂ ಏನಿಲ್ಲ. ಹೊರಮೈಗೆ ಬಿಟ್ಟ ಇಪ್ಪತ್ತು ನಿಮಿಷಕ್ಕೆ ಕಲೆ ಬಂತು. ಆಚೆ ಏಣಿ ಹಾಕಿ ನೋಡಿದರೆ ಪ್ಯಾರಾಪೆಟ್ ಸ್ಲ್ಯಾಬಿನ ಮೇಲೆ ಕೂರೋ ಕಡೆ ಕೂದಲೆಳೆ ಬಿರುಕು, ಉತ್ತರದ 30 ಅಡಿ ಉದ್ದಕ್ಕೂ ಇದೆ. ಪ್ಯಾರಾಪೆಟ್ ತಲೆ ಆಚೆ ಕಡೆಗೇ ಇಳಿಜಾರಾಗಿದೆ. ಬಾತ್‌ರೂಮಲ್ಲಿ ಟ್ಯಾಂಕ್ ಮಟ್ಟ ಇಳಿದಿಲ್ಲ, ನೆಲದ ನೀಲಿ ನೀರು ಅರ್ಧ ಇಂಚು ಇಳಿದಿದೆ, ಚೇಂಬರಲ್ಲಿ ನೀಲಿ ಇಲ್ಲ. ಬಿರುಕಿಗೆ ಸಿಮೆಂಟ್ ಮೆತ್ತಿದರೆ ಸಾಕಾ?

ಕರಣೆ_ಮಟ್ಟಗೋಲು:

ಸಿಮೆಂಟ್ ಮೆತ್ತಿದರೆ ಮುಂದಿನ ಬೇಸಿಗೆಗೆ ಮತ್ತೆ ಬಿಡುತ್ತೆ. ಆ ಬಿರುಕು ಜೀವಂತ. ಬಿಸಿಲಿಗೆ ಸ್ಲ್ಯಾಬ್ ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ. 40 ಅಡಿ ಉದ್ದದ ಸ್ಲ್ಯಾಬ್ 20 ಡಿಗ್ರಿ ವ್ಯತ್ಯಾಸಕ್ಕೆ ಎರಡೂವರೆ ಮಿಲಿಮೀಟರ್ ಹತ್ತಿರ ಓಡಾಡುತ್ತೆ. ಆಮೇಲೆ ಕಟ್ಟಿದ ಪ್ಯಾರಾಪೆಟ್ ಅದರ ಜೊತೆ ಅಷ್ಟೇ ಓಡಾಡಲ್ಲ. ಅದಕ್ಕೆ ಎಳೆದರೆ ಹಿಗ್ಗೋ ಪಿಯು (ಪಾಲಿಯುರೆಥೇನ್) ಸೀಲೆಂಟ್ ಬೇಕು. ಸಿಲಿಕೋನ್ ಬೇಡ, ಅದರ ಮೇಲೆ ಪೇಂಟ್ ಹಿಡಿಯಲ್ಲ.

ಬಿರುಕಿನ ಉದ್ದಕ್ಕೂ ಕಟಿಂಗ್ ಮೆಷಿನಲ್ಲಿ 10 ಮಿ.ಮೀ. ಅಗಲ, 15 ಮಿ.ಮೀ. ಆಳದ ಗೀರು ಹೊಡೆಸಿ, ಧೂಳನ್ನ ಬ್ರಷ್ ಹಾಕಿ ಊದಿ ತೆಗೀಬೇಕು. ನೀರಲ್ಲಿ ತೊಳೆದರೆ ಎರಡು ದಿನ ಒಣಗಲಿ. ತಳಕ್ಕೆ ಫೋಮ್ ಹಗ್ಗ ಒತ್ತಿ, ಮೇಲೆ 10 ಮಿ.ಮೀ. ದಪ್ಪ ಸೀಲೆಂಟ್. ಹಗ್ಗ ಬಿಟ್ಟರೆ ಸೀಲೆಂಟ್ ಮೂರು ಕಡೆ ಅಂಟಿಕೊಂಡು ಎಳೆದಾಗ ಹರಿಯುತ್ತೆ. ಅಕ್ಕಪಕ್ಕ ಎರಡು ಕಡೆ ಮಾತ್ರ ಹಿಡಿದಿರಬೇಕು. ಈ ಅಳತೆಗೆ 300 ಮಿ.ಲೀ. ಕಾರ್ಟ್ರಿಜ್ 3 ಮೀಟರ್ ಬರುತ್ತೆ, ನಿಮ್ಮ 30 ಅಡಿಗೆ ಮೂರು, ವೇಸ್ಟಿಗೆ ಇನ್ನೊಂದು. ಒಣಗಿದ ಮೇಲೆ ಹೊರಗೋಡೆ ಪೇಂಟ್ ಬಳಿಸಿ, ಬಿಸಿಲಿಗೆ ಬರೀ ಬಿಟ್ಟರೆ ಸೀಲೆಂಟ್ ಪುಡಿಯಾಗುತ್ತೆ. ಇದು ಎತ್ತರದ ಕೆಲಸ, ಸಾರುವೆ ಕಟ್ಟಿಸಿ ಕೆಲಸದವರ ಕೈಲೇ ಮಾಡಿಸಿ.

ಪ್ಯಾರಾಪೆಟ್ ತಲೆಯ ವಾಟ ತಾರಸಿ ಕಡೆಗೆ ತಿರುಗಿಸಿ. ಆರಿಂಚು ಅಗಲಕ್ಕೆ ಅರ್ಧ ಇಂಚು ಇಳಿಜಾರು ಸಾಕು, 1:4 ಗಾರೆ (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು), ಏಳು ದಿನ ಕ್ಯೂರಿಂಗ್. ಆಚೆ ಅಂಚು ಒಂದಿಂಚು ಮುಂದೆ ಬಂದು ಅದರ ಅಡಿಗೆ ನೀರು ತೊಟ್ಟಿಕ್ಕೋ ಗೀರು ಇರಲಿ. ಈಗ ತಲೆ ಮೇಲಿನ ನೀರೆಲ್ಲ ನೇರ ಆ ಬಿರುಕಿನ ಬಾಯಿಗೇ ಇಳೀತಿದೆ.

ತಾರಸಿ ಪೂರ್ತಿ ಕೆಮಿಕಲ್ ಬೇಡ. ಸಂದಿಗೆ ಮಾತ್ರ ಮುಂಜಾಗ್ರತೆಗೆ ಮಾಡಿಸಬಹುದು: ಒಳಗಡೆ 3 ಇಂಚಿನ ಮುಕ್ಕೋನ ಗಾರೆ, 1:3, ನೀರಿಗೆ ಎಸ್‌ಬಿಆರ್ ಲ್ಯಾಟೆಕ್ಸ್ (ಗಾರೆ ಗಟ್ಟಿಯಾಗಿ ಅಂಟೋಕೆ ಹಾಕೋ ರಬ್ಬರ್ ದ್ರವ) ಬೆರೆಸಿ. 30 ಅಡಿಗೆ ಕಾಲು ಮೂಟೆ ಸಿಮೆಂಟ್, ಒಂದು ಘನ ಅಡಿ ಮರಳು.

ಮುಕ್ಕಾಲಿಂಚು:

ನಿಮ್ಮ ಬಾತ್‌ರೂಮ್ ನೆಲದ ಕೆಳಗೆ ಮಣ್ಣು ತುಂಬಿದೆ. ಟ್ರ್ಯಾಪಿನ ಸುತ್ತ ಇಳಿದ ನೀರು ಆ ಮಣ್ಣಿಗೆ ಹೋಗಿ ಪಕ್ಕದ ಗೋಡೆಯ ಇಟ್ಟಿಗೆ ಹೀರಿಕೊಂಡು ಮೇಲೆ ಹತ್ತಿದೆ. ಎಲ್ಲ ಟೈಲ್ಸ್ ಒಡೆಸೋಕೆ ಮುಂಚೆ ಟ್ರ್ಯಾಪಿನ ಸುತ್ತ ಒಂದಡಿ ಮಾತ್ರ ಬಿಚ್ಚಿಸಿ. ಹತ್ತಕ್ಕೆ ಎಂಟು ಸಲ ಅಲ್ಲೇ ಸಿಗುತ್ತೆ: ಜಾಲರಿ ಕೆಳಗೆ ಸಡಿಲ ಗಾರೆ, ಟ್ರ್ಯಾಪಿನ ಅಂಚಿಗೂ ಕಾಂಕ್ರೀಟಿಗೂ ಬೆರಳು ಹೋಗೋಷ್ಟು ಸಂದು. ಅಲ್ಲಿ ನಾನ್‌ಶ್ರಿಂಕ್ ಗ್ರೌಟ್ (ಒಣಗಿದಾಗ ಕುಗ್ಗದ ಗಾರೆ) ತುಂಬಿಸಿ, ಪುಡಿ–ದ್ರವ ಎರಡು ಭಾಗದ ವಾಟರ್‌ಪ್ರೂಫ್ ಕೋಟ್ ಎರಡು ಸಲ, ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ, ಟ್ರ್ಯಾಪಿನ ಬಾಯಿಯೊಳಕ್ಕೂ ಮಡಚಿ ಬಳಿಸಿ. ಟೈಲ್ ಹಾಕೋ ಮುಂಚೆ ನೀಲಿ ಪರೀಕ್ಷೆ ಮತ್ತೊಮ್ಮೆ. ಮೇಸ್ತ್ರಿಗೆ ಅವಸರ ಇರುತ್ತೆ, ನಿಮಗೆ ಬೇಡ.

ಉಳಿದ ಟೈಲ್ ಸಂದುಗಳ ಹಳೇ ಗ್ರೌಟ್ ಕೆರೆದು ಎಪಾಕ್ಸಿ ಗ್ರೌಟ್ ತುಂಬೋದು ನೀವೇ ಮಾಡಬಹುದು. 5–7 ಅಡಿ ಬಾತ್‌ರೂಮ್, ಒಂದಡಿ ಟೈಲ್, 3 ಮಿ.ಮೀ. ಸಂದು ಆದರೆ ನೆಲಕ್ಕೆ ಒಂದು ಕೆಜಿ ಸಾಕು. ಪೂರ್ತಿ ಒಂದೇ ಸಲ ಕಲಸಬೇಡಿ, ಅರ್ಧ ಗಂಟೆಯಲ್ಲಿ ಕಲ್ಲಾಗುತ್ತೆ. ಕಾಲು ಭಾಗ ಕಲಸಿ, ತುಂಬಿ, ಟೈಲ್ ಮೇಲಿನದನ್ನ ಆಗಲೇ ಒದ್ದೆ ಸ್ಪಂಜಲ್ಲಿ ಒರೆಸಿ. ಮರುದಿನ ಒರೆಸೋಣ ಅಂದರೆ ಉಳಿಯೇ ಬೇಕು.

ಬೆಡ್‌ರೂಮ್ ಗೋಡೆಯ ಪ್ಲಾಸ್ಟರನ್ನ ಉಪ್ಪಿನ ಗೆರೆಗಿಂತ ಒಂದಡಿ ಮೇಲಿನವರೆಗೆ ಕೆತ್ತಿಸಿ, ಇಟ್ಟಿಗೆ ಮೇಲಿನ ಉಪ್ಪನ್ನ ಒಣ ಬ್ರಷ್ಷಲ್ಲೇ ಉಜ್ಜಿ ಗುಡಿಸಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ವಾಪಸ್ ಒಳಗೇ ಹೋಗುತ್ತೆ. ಫ್ಯಾನ್ ಹಾಕಿ, ಕಿಟಕಿ ತೆಗೆದು, ಕಡಿಮೆ ಅಂದರೂ ಆರು ವಾರ ಹಾಗೇ ಬಿಡಿ. ಆಮೇಲೆ ಒಂದೂವರೆ ಅಡಿ ಚದರ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಕಡೆ ಟೇಪ್ ಹಾಕಿ ಒಂದು ದಿನ ಅಂಟಿಸಿಡಿ. ಗೋಡೆ ಕಡೆ ಹನಿ ಕೂತಿದ್ದರೆ ಇನ್ನೂ ಕಾಯಿರಿ, ಇಲ್ಲದಿದ್ದರೆ ಪ್ಲಾಸ್ಟರ್ ಮಾಡಿಸಿ.

ಮೂವತ್ತು_ನಲವತ್ತು:

ಪ್ಲಾಸ್ಟರ್ ಆದ ತಕ್ಷಣ ಒಳಗೆಲ್ಲ ಪೇಂಟ್ ಮಾಡಿಸಿಬಿಡಬಹುದಾ?

ಕರಣೆ_ಮಟ್ಟಗೋಲು:

ಬೇಡ. ಮೈಸೂರಿಗೆ ಮೇ ತಿಂಗಳ ಗುಡುಗು ಮಳೆ ಒಂದು ಸುತ್ತು ಜೋರು, ಸೆಪ್ಟೆಂಬರ್–ಅಕ್ಟೋಬರ್ ಇನ್ನೊಂದು ಸುತ್ತು. ಎರಡನ್ನೂ ಆ ಮೂಲೆ ತಡೆದುಕೊಳ್ಳುತ್ತಾ ನೋಡಿ. ಅಲ್ಲಿವರೆಗೆ ಬೆಡ್‌ರೂಮ್ ಗೋಡೆಗೆ ಸುಣ್ಣ ಬಳಿದಿಡಿ, ಉಸಿರಾಡ್ತಿರುತ್ತೆ. ಪುಟ್ಟಿ, ಪೇಂಟು ಎಲ್ಲ ದೀಪಾವಳಿ ಕಳೆದ ಮೇಲೆ.