ಸಹಾಯ ಬೇಕು: ಜಿ.ಎನ್. ರಾಮಚಂದ್ರನ್ ಸಂಕಿರಣಕ್ಕೆ ಆಲ್ಫಾ ಹೆಲಿಕ್ಸ್ ಮಾದರಿ, ತುಮಕೂರು

ನಮಸ್ಕಾರ. ಪ್ರೋಟೀನ್ ರಚನೆಯ ವಿಜ್ಞಾನಿ ಜಿ.ಎನ್. ರಾಮಚಂದ್ರನ್ ಗೌರವಾರ್ಥ ವಿಶ್ವವಿದ್ಯಾಲಯದ ವಿಚಾರ ಸಂಕಿರಣಕ್ಕೆ ಆಲ್ಫಾ ಹೆಲಿಕ್ಸ್‌ನ (ಪ್ರೋಟೀನ್ ಸರಪಳಿಯ ಸುರುಳಿ) 12 ಅಮೈನೋ ಆಮ್ಲಗಳ ಮರದ ಮಾದರಿ ಬೇಕು. ಸರಪಳಿ ಯಾವ ಕೋನಗಳಲ್ಲಿ ತಿರುಗಬಹುದೆಂದು ತೋರಿಸುವ ಅವರ 1963ರ ನಕ್ಷೆಯನ್ನು ಪರದೆಯಲ್ಲಿ ತೋರಿಸಿದರೆ ಮಕ್ಕಳಿಗೆ ತಲೆಗೆ ಹೋಗುವುದಿಲ್ಲ, ಕೈಯಲ್ಲೇ ತಿರುಗಿಸಬೇಕು.

ಅಳತೆ 1 ಆಂಗ್‌ಸ್ಟ್ರಾಮ್‌ಗೆ (ಪರಮಾಣುಗಳ ದೂರ ಅಳೆಯುವ ಮಾನ) 5 ಸೆಂ.ಮೀ.; ಒಂದು ಸುತ್ತು 27 ಸೆಂ.ಮೀ., ಒಟ್ಟು ಎತ್ತರ ಸುಮಾರು 90. ನಾಲ್ಕು ತೂತಿನ ಚೆಂಡು 12, ಆಲ್ಫಾ ಕಾರ್ಬನ್‌ಗೆ (ಪ್ರತಿ ಅಮೈನೋ ಆಮ್ಲದ ನಡುವಿನ ಕಾರ್ಬನ್) ಮಾತ್ರ. ಕಾರ್ಬೊನಿಲ್ ಕಾರ್ಬನ್ (ಆಕ್ಸಿಜನ್ ಹಿಡಿದಿರುವುದು), ನೈಟ್ರೋಜನ್‌ಗೆ 120 ಡಿಗ್ರಿಯ ಮೂರು ತೂತಿನವು 24. ಇಲ್ಲೂ ನಾಲ್ಕು ತೂತಿನವನ್ನೇ ಹಾಕಿದರೆ ಎರಡು ಅಮೈನೋ ಆಮ್ಲಗಳನ್ನು ಸೇರಿಸುವ ಪೆಪ್ಟೈಡ್ ಬಂಧದ ಸುತ್ತಲಿನ ಸಮತಲ ಸೊಟ್ಟಗಾಗುತ್ತದೆ. ಆಕ್ಸಿಜನ್‌ಗೆ ಒಂದೇ ತೂತಿನವು 12.

ಪೆಪ್ಟೈಡ್ ಬಂಧದ ಕಡ್ಡಿಗೆ ಅಂಟು ಹಾಕಬೇಕು. ಆಲ್ಫಾ ಕಾರ್ಬನ್‌ನ ಎರಡು ಬದಿಯ ಫೈ (ನೈಟ್ರೋಜನ್ ಕಡೆ), ಸೈ (ಕಾರ್ಬೊನಿಲ್ ಕಡೆ) ಕಡ್ಡಿಗಳು ತಿರುಗಬೇಕು, ಆದರೆ ಬಿಗಿಯಾಗಿ. ಸಡಿಲವಾದರೆ ಫೈ −57, ಸೈ −47 ಡಿಗ್ರಿಯಲ್ಲಿ ನಿಲ್ಲದೆ ಭಾರಕ್ಕೆ ಕುಸಿಯುತ್ತದೆ.

ಕೋನ ತಪ್ಪದೆ ತೂತು ಕೊರೆಯುವ ಮರಗೆಲಸದವರು ಅಂತರಸನಹಳ್ಳಿ ಕಡೆ ಯಾರಾದರೂ ಇದ್ದಾರೆಯೇ? ಹಳೆಯ ಮಾದರಿ ಎರವಲು ಸಿಕ್ಕರೂ ಸರಿ.