ಹಳೆ ನಿಕ್ಕಾರ್ 50 ಎಂಎಂ ಲೆನ್ಸ್ ಮಿರರ್‌ಲೆಸ್‌ನಲ್ಲಿ: ಕಾಡೊಳಗೆ ನಡೆಯುತ್ತಾ?

ತುಂಗಾತೀರ (ತೀರ್ಥಹಳ್ಳಿ): ಮನೆಯಲ್ಲಿ ನಿಕಾನ್ ಎಫ್‌ಎಂ2 ಫಿಲ್ಮ್ ಕ್ಯಾಮೆರಾ ಜೊತೆಗೆ ನಿಕಾನಿನದೇ ನಿಕ್ಕಾರ್ 50 ಎಂಎಂ ಎಫ್/1.8 ಎಐ-ಎಸ್ (ಕೈಯಲ್ಲೇ ಫೋಕಸ್ ಮಾಡುವ) ಲೆನ್ಸ್ ಇದೆ. ಅದನ್ನು ನಿಕಾನ್ ಝಡ್5ಗೆ (ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾ) ಹಾಕಿದರೆ ಈಗಿನ ಲೆನ್ಸಿನ ಎದುರು ನಿಲ್ಲುತ್ತಾ? ಆಗುಂಬೆ, ಕೊಡಚಾದ್ರಿ ಕಡೆ ಬಳಸೋದಕ್ಕೆ.

ಹುಲಿಕಲ್: ಮೊದಲು ಲೆನ್ಸ್ ಪರೀಕ್ಷೆ ಮಾಡಿ ಮಾರಾಯ್ರೇ. ಅಪರ್ಚರ್ (ಬೆಳಕು ಒಳಬರುವ ಕಿಂಡಿ) ರಿಂಗನ್ನು 1.8ಕ್ಕಿಟ್ಟು, ಹಿಂದಿನ ಲಿವರನ್ನು ಬೆರಳಲ್ಲಿ ಸರಿಸಿ ಅದನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಅದು ಗಾಜಿನ ಕೋಟಿಂಗ್ (ಪ್ರತಿಫಲನ ತಡೆಯುವ ತೆಳು ಲೇಪ) ತಿಂದಿದ್ದರೆ ಒರೆಸಿದರೂ ಗುರುತು ಉಳಿಯುತ್ತೆ. ಆಮೇಲೆ ರಿಂಗನ್ನು 16ಕ್ಕಿಟ್ಟು ಅದೇ ಲಿವರನ್ನು ಸರಿಸಿ ಬಿಡಿ. ಬ್ಲೇಡು ಟಕ್ಕನೆ ಮುಚ್ಚಬೇಕು. ನಿಧಾನವಾದರೆ ಎಣ್ಣೆ ಇಳಿದಿದೆ.

ಎಫ್/1.8ರಲ್ಲಿ ಅಂಚುಗಳ ಸುತ್ತ ಮಂಜಿನಂಥ ಹೊಳಪು ಬರುತ್ತೆ. ಅಪರ್ಚರ್ ಕಿರಿದಾಗಿಸಿ 5.6ಕ್ಕೆ ತಂದರೆ ಮಧ್ಯಭಾಗ ಇವತ್ತಿನ ಸೆನ್ಸರಿಗೂ ಸಾಕು, ಮೂಲೆಗಳು ಮಾತ್ರ ಹಿಂದೆ. ನಿಜವಾದ ವ್ಯತ್ಯಾಸ ಎದುರು ಬೆಳಕಿನಲ್ಲಿ. 1971ರಲ್ಲಿ ಪೆಂಟಾಕ್ಸ್ ಮಲ್ಟಿಕೋಟಿಂಗ್ (ಹಲವು ಪದರದ ಲೇಪ) ತಂದ ಮೇಲೆ ಕೋಟಿಂಗ್ ಬಹಳ ಮುಂದೆ ಹೋಗಿದೆ. ಎಲೆಗಳ ಸಂದಿಯಿಂದ ಬಿಳಿ ಆಕಾಶ ಇಣುಕುವ ನಮ್ಮ ಕಾಡಲ್ಲಿ ಹಳೆ ಲೆನ್ಸಿನ ಚಿತ್ರದಲ್ಲಿ ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತೆ, ಎಲೆಯಂಚಿಗೆ ನೇರಳೆ ಗೆರೆ ಬರುತ್ತೆ. ಹುಡ್ (ಅಡ್ಡ ಬೆಳಕು ತಡೆಯುವ ಮುಂದಿನ ಕೊಳವೆ) ಹಾಕಿ, ಅಪರ್ಚರನ್ನು ಎಫ್/4ಕ್ಕಿಂತ ಕಿರಿದಾಗಿಡಿ.

ಮಲೆನಾಡ ಮಳೆ: ಅಡಾಪ್ಟರಿಗೆ ನಿಕಾನ್ ಎಫ್‌ಟಿಝಡ್ ಸಾಕು. ಲೆನ್ಸ್ ಕೂರುವ ಮೌಂಟಿನಿಂದ ಸೆನ್ಸರಿಗೆ (ಫಿಲ್ಮಿಗೆ) ಹಳೆಯ ಎಫ್ ಮೌಂಟಿನಲ್ಲಿ 46.5 ಮಿ.ಮೀ., ಝಡ್‌ನಲ್ಲಿ 16 ಮಿ.ಮೀ. ದೂರ ಬೇಕಾದ್ದರಿಂದ ಅದರ ದಪ್ಪ 30.5 ಇರಲೇಬೇಕು. ಅಗ್ಗದ್ದು ಸ್ವಲ್ಪ ದಪ್ಪವಾದರೂ ದೂರದ ಗುಡ್ಡ ಫೋಕಸ್ ಆಗಲ್ಲ. ಮೆನುವಿನ ನಾನ್-ಸಿಪಿಯು ಲೆನ್ಸ್ ಡೇಟಾದಲ್ಲಿ (ಚಿಪ್ ಇಲ್ಲದ ಲೆನ್ಸಿನ ವಿವರ) 50 ಮತ್ತು 1.8 ತುಂಬಿ, ಇಲ್ಲದಿದ್ದರೆ ಸ್ಟೆಬಿಲೈಸೇಶನ್ (ಕೈನಡುಕ ಸರಿಪಡಿಸುವ ವ್ಯವಸ್ಥೆ) ತಪ್ಪು ಲೆಕ್ಕ ಹಾಕುತ್ತೆ. ಮೋಡ್ ಎ (ಅಪರ್ಚರ್ ನಾವು ಆರಿಸೋದು) ಅಥವಾ ಎಂ (ಎಲ್ಲವನ್ನೂ ನಾವೇ ಆರಿಸೋದು) ಇರಲಿ.

ಹಿಡಿತದ ವಿಷಯದಲ್ಲಿ ಎಫ್‌ಎಂ2 ಬಾಡಿ ಸಪಾಟು, ಭಾರದ ಲೆನ್ಸ್ ಹಾಕಿದರೆ ಮಣಿಕಟ್ಟು ನೋಯುತ್ತೆ. 1980ರ ನಿಕಾನ್ ಎಫ್3ಯಲ್ಲಿ ಚಿಕ್ಕ ಉಬ್ಬು, 1986ರ ಕ್ಯಾನನ್ ಟಿ90ಯಲ್ಲಿ ಪೂರ್ತಿ ಗ್ರಿಪ್ಪು, ತೋರುಬೆರಳಿಗೆ ಚಕ್ರ. ಇವತ್ತಿನ ಬಾಡಿಗಳು ಆ ದಾರಿಯವೇ. ಆದರೆ ಹಳೆ ಲೆನ್ಸಿನ ಫೋಕಸ್ ರಿಂಗ್ ಕೊನೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತೆ. ಹೊಸ ಲೆನ್ಸುಗಳ ಎಲೆಕ್ಟ್ರಾನಿಕ್ ರಿಂಗಿನಲ್ಲಿ ಆ ಭರವಸೆ ಸಿಗಲ್ಲ. ಈ ಲೆನ್ಸಿಗೆ ರಬ್ಬರ್ ಸೀಲ್ ಇಲ್ಲ, ಜಡಿಮಳೆಗೆ ಕವರ್ ಬೇಕೇ ಬೇಕು.

ಕೆಂಪುಕಲ್ಲು: ಚರ್ಮದ ಚೀಲದಲ್ಲಿ ಇಡಬೇಡಿ, ತೇವ ಹೀರುತ್ತೆ. ಗಾಳಿಯಾಡದ ಡಬ್ಬಿ, ಒಳಗೊಂದು ತೇವಾಂಶ ಮಾಪಕ, 40ರಿಂದ 50 ಶೇಕಡಾ ಇರಲಿ. ತೇವ ಹೀರಲು ಇಟ್ಟ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹಸಿರಿಗೆ ತಿರುಗಿದರೆ ಓವನ್ನಿನಲ್ಲಿ 120 ಡಿಗ್ರಿಗೆ ಒಣಗಿಸಿ. ಅದರ ಬದಲು ಅಕ್ಕಿ ಬೇಡ, ಅದರ ಪುಡಿ ಫೋಕಸ್ ರಿಂಗಿನೊಳಗೆ ಸೇರುತ್ತೆ.