ಕಿವಿತಮಟೆಯಲ್ಲಿ ರಂಧ್ರವಿರುವಾಗ ಯುಸ್ಟೇಶಿಯನ್ ನಳಿಕೆಯ ಸ್ಥಿತಿಯನ್ನು ತಿಳಿಯುವುದು ಹೇಗೆ?

ಪ್ರಶ್ನೆ: ಕಿವಿ-ಮೂಗು-ಗಂಟಲು ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿ

ದೀರ್ಘಕಾಲದ ಮಧ್ಯಕಿವಿ ಉರಿಯೂತದಿಂದ ತಮಟೆಯಲ್ಲಿ ರಂಧ್ರ ಉಳಿದು, ಈಗ ಸೋರುವುದು ನಿಂತು ಕಿವಿ ಒಣಗಿರುವ ರೋಗಿಗಳಿಗೆ ಟಿಂಪನೋಪ್ಲಾಸ್ಟಿ (ರಂಧ್ರವನ್ನು ಕಸಿಯಿಂದ ಮುಚ್ಚುವ ಶಸ್ತ್ರಚಿಕಿತ್ಸೆ) ಮಾಡುವ ಮೊದಲು, ಮಧ್ಯಕಿವಿಯನ್ನು ಮೂಗಿನ ಹಿಂಭಾಗಕ್ಕೆ ಜೋಡಿಸುವ ಯುಸ್ಟೇಶಿಯನ್ ನಳಿಕೆಯ ಕಾರ್ಯವನ್ನು ಅಂದಾಜು ಮಾಡಬೇಕೆಂದು ಪಠ್ಯಗಳು ಹೇಳುತ್ತವೆ. ಆದರೆ ರೂಢಿಯಲ್ಲಿ ನಾನು ಕಾಣುತ್ತಿರುವುದು ಇಷ್ಟೇ: ರೋಗಿಗೆ ಮೂಗು ಹಿಡಿದು ಊದಲು ಹೇಳುತ್ತೇವೆ, ರಂಧ್ರದ ಮೂಲಕ ಗಾಳಿ ಬರುವ ಸದ್ದು ಕೇಳಿಸಿದರೆ ‘ವಾಲ್ಸಾಲ್ವಾ ಪಾಸಿಟಿವ್, ನಳಿಕೆ ಸರಿಯಿದೆ’ ಎಂದು ಕೇಸ್ ಶೀಟಿನಲ್ಲಿ ಬರೆಯುತ್ತೇವೆ. ಸಾಮಾನ್ಯ ಟಿಂಪನೋಗ್ರಾಂ (ಒತ್ತಡ ಬದಲಿಸುತ್ತ ತಮಟೆಯ ಚಲನೆಯನ್ನು ಅಳೆಯುವ ನಕ್ಷೆ) ಇಂಥ ಕಿವಿಯಲ್ಲಿ ಚಪ್ಪಟೆಯಾಗಿಯೇ ಬರುವುದರಿಂದ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ನಳಿಕೆಯ ತೊಂದರೆಯ ಲಕ್ಷಣಗಳನ್ನು ವಿಚಾರಿಸುವ, ಏಳು ಪ್ರಶ್ನೆಗಳ ಇಟಿಡಿಕ್ಯು-7 ಪ್ರಶ್ನಾವಳಿಯನ್ನು ಕೊಟ್ಟರೆ, ಇನ್ನೊಂದು ಕಿವಿಯ ತಮಟೆ ಸ್ಪಷ್ಟವಾಗಿ ಒಳಸೆಳೆದುಕೊಂಡಿರುವ ರೋಗಿಗಳೂ ಕೆಲವೊಮ್ಮೆ ಕಡಿಮೆ ಅಂಕವನ್ನೇ ಗುರುತು ಮಾಡುತ್ತಾರೆ. ಹೀಗಿರುವಾಗ ಯಾವ ಪರೀಕ್ಷೆಯನ್ನು ನಂಬಬೇಕು? ರಂಧ್ರವಿರುವ ಕಿವಿಗೆಂದೇ ಬೇರೆ ವಿಧಾನವಿದೆಯೇ?

ಉತ್ತರ: ಶ್ರವಣತಜ್ಞೆ

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಖಚಿತವಾದ ಉತ್ತರವಿದೆ. ರಂಧ್ರವಿರುವ ಕಿವಿಯಲ್ಲಿ ಟಿಂಪನೋಮೀಟರಿನ ಪ್ರೋಬ್ ನೇರವಾಗಿ ಮಧ್ಯಕಿವಿಯ ಒತ್ತಡವನ್ನೇ ಬದಲಿಸಬಲ್ಲದು. ತಮಟೆ ಅಖಂಡವಾಗಿರುವ ಕಿವಿಯಲ್ಲಿ ನಮಗೆ ದೊರೆಯದ ಅನುಕೂಲ ಇದು. ಕಿವಿಯ ಕಾಲುವೆಯನ್ನು ಪ್ರೋಬಿನಿಂದ ಭದ್ರವಾಗಿ ಮುಚ್ಚಿ, ಒತ್ತಡವನ್ನು +200 ಡೆಕಾಪಾಸ್ಕಲ್‌ಗೆ ಏರಿಸಿ, ರೋಗಿಗೆ ಹಲವು ಸಲ ಉಗುಳು ನುಂಗಲು ಹೇಳಬೇಕು. ನಳಿಕೆ ಸ್ನಾಯುಬಲದಿಂದ ತೆರೆದುಕೊಳ್ಳುತ್ತಿದ್ದರೆ ಪ್ರತಿ ನುಂಗಿಗೂ ಒತ್ತಡ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಪರದೆಯ ಮೇಲೆ ಕಾಣುತ್ತದೆ. ಬಳಿಕ ಇದನ್ನೇ −200 ಡೆಕಾಪಾಸ್ಕಲ್‌ನಲ್ಲಿ ಮಾಡಿ, ಕೊನೆಗೆ ಎಷ್ಟು ಒತ್ತಡ ಉಳಿಯಿತೆಂದು ದಾಖಲಿಸಬೇಕು. ಋಣ ಒತ್ತಡವನ್ನು ಸರಿದೂಗಿಸುವುದು ಧನ ಒತ್ತಡವನ್ನು ಇಳಿಸುವುದಕ್ಕಿಂತ ಕಷ್ಟ. ಆರೋಗ್ಯವಂತರಲ್ಲಿಯೂ ಅದು ಪೂರ್ಣವಾಗಿ ಸೊನ್ನೆಗೆ ಬರಬೇಕೆಂದಿಲ್ಲ. ಆದ್ದರಿಂದ ಸ್ವಲ್ಪ ಋಣ ಒತ್ತಡ ಉಳಿದ ಮಾತ್ರಕ್ಕೆ ನಳಿಕೆ ಕೆಟ್ಟಿದೆಯೆಂದು ಬರೆಯಬಾರದು. ಎರಡೂ ದಿಕ್ಕಿನಲ್ಲಿ ಗೆರೆ ಕದಲದೇ ನಿಂತರೆ ಮಾತ್ರ ಅದನ್ನು ಗಂಭೀರವಾಗಿ ಪರಿಗಣಿಸಬೇಕು.

ರೋಗಿ ನುಂಗದೆ ಸುಮ್ಮನಿರುವಾಗ ಒತ್ತಡವನ್ನು ಏರಿಸುತ್ತಲೇ ಹೋದರೆ ಒಂದು ಹಂತದಲ್ಲಿ ನಳಿಕೆ ಬಲವಂತವಾಗಿ ತೆರೆದುಕೊಳ್ಳುತ್ತದೆ. ಆ ತೆರೆಯುವ ಒತ್ತಡವೂ, ಆಮೇಲೆ ಮುಚ್ಚಿಕೊಳ್ಳುವ ಒತ್ತಡವೂ ನಳಿಕೆಯ ಗೋಡೆಗಳ ಪ್ರತಿರೋಧದ ಬಗ್ಗೆ ತಿಳಿಸುತ್ತವೆ. ಸ್ನಾಯುವಿನ ಬಗ್ಗೆ ಅಲ್ಲ. ವಾಲ್ಸಾಲ್ವಾದ ಮಿತಿಯೂ ಇದೇ ಆಗಿದೆ. ಅಲ್ಲಿ ಗಾಳಿಯನ್ನು ಮೂಗಿನ ಕಡೆಯಿಂದ ತಳ್ಳಲಾಗುತ್ತದೆಯೇ ಹೊರತು ಅಂಗುಳನ್ನು ಬಿಗಿಗೊಳಿಸುವ ಟೆನ್ಸರ್ ವೆಲಿ ಪ್ಯಾಲಟೈನಿ ಸ್ನಾಯು ನಳಿಕೆಯನ್ನು ತೆರೆಯಿತೋ ಇಲ್ಲವೋ ಎಂಬುದು ತಿಳಿಯುವುದಿಲ್ಲ. ಮೂಗು ಮುಚ್ಚಿಕೊಂಡು ನುಂಗುವ ಟಾಯ್ನ್‌ಬೀ ವಿಧಾನದಲ್ಲಿ ಮಧ್ಯಕಿವಿಯ ಒತ್ತಡ ಬದಲಾದರೆ ಅದಕ್ಕೆ ಹೆಚ್ಚಿನ ಬೆಲೆ ಕೊಡಬಹುದು. ಆದರೆ ಬದಲಾಗದಿದ್ದರೆ ರೋಗವಿದೆಯೆಂದು ತೀರ್ಮಾನಿಸಲಾಗದು.

ತಂತ್ರಜ್ಞರಿಗೆ ಒಂದು ಕಿವಿಮಾತು: ಒತ್ತಡ ಏರುತ್ತಲೇ ಇಲ್ಲವೆಂದರೆ ಮೊದಲು ಪ್ರೋಬಿನ ಸೋರಿಕೆಯನ್ನು ಸಂಶಯಿಸಿ, ತುದಿಯನ್ನು ಬದಲಿಸಿ ನೋಡಿ. ಅದಾದ ಮೇಲೂ ಏರದಿದ್ದರೆ ನಳಿಕೆ ಸದಾ ತೆರೆದೇ ಇರುವ ಸಾಧ್ಯತೆಯನ್ನು ಯೋಚಿಸಿ. ಸೋರುತ್ತಿರುವ ಕಿವಿಯಲ್ಲಿ ಈ ಪರೀಕ್ಷೆ ಮಾಡಬೇಡಿ. ಊದಿದ ಲೋಳೆಪೊರೆ ಕೊಡುವ ಫಲಿತಾಂಶ ಆ ದಿನದ್ದಷ್ಟೇ ಆಗಿರುತ್ತದೆ.

ಉತ್ತರ: ಕಿವಿ ಶಸ್ತ್ರಚಿಕಿತ್ಸಕ

ಮೇಲಿನ ವಿವರಣೆ ಅಚ್ಚುಕಟ್ಟಾಗಿದೆ. ಅದರಲ್ಲಿ ನಾನು ತಿದ್ದುವಂಥದ್ದೇನೂ ಇಲ್ಲ. ಆದರೆ ಪ್ರಶ್ನೆ ಕೇಳಿದವರು ಪ್ರಶ್ನಾವಳಿಯ ಬಗ್ಗೆ ಹೇಳಿದ ಮಾತಿಗೆ ಬರುತ್ತೇನೆ. 2012ರಲ್ಲಿ ಪ್ರಕಟವಾದ ಇಟಿಡಿಕ್ಯು-7ರಲ್ಲಿ ಪ್ರತಿ ಪ್ರಶ್ನೆಗೆ 1ರಿಂದ 7ರವರೆಗೆ ಅಂಕವಿದ್ದು, ಒಟ್ಟು 14.5ಕ್ಕಿಂತ ಹೆಚ್ಚಾದರೆ ನಳಿಕೆಯ ತೊಂದರೆಯನ್ನು ಶಂಕಿಸುತ್ತಾರೆ. ಅದು ಕೇಳುವುದು ಕಿವಿಯ ಒತ್ತಡ, ನೋವು, ಕಟ್ಟಿದ ಭಾವ, ಮಂದ ಶ್ರವಣ ಮೊದಲಾದವುಗಳ ಬಗ್ಗೆ. ರಂಧ್ರವಿರುವ ಕಿವಿಯಲ್ಲಿ ಗಾಳಿ ಹೊರಗಿನಿಂದಲೇ ಒಳಕ್ಕೆ ಹೋಗಿಬರುತ್ತಿರುವಾಗ ರೋಗಿಗೆ ಕಿವಿ ಕಟ್ಟಿದಂತೆ ಏಕೆ ಅನ್ನಿಸಬೇಕು? ನಳಿಕೆ ಮಾಡಬೇಕಾದ ಕೆಲಸವನ್ನು ರಂಧ್ರವೇ ಮಾಡಿಕೊಡುತ್ತಿರುತ್ತದೆ. ಗ್ರಾಮೆಟ್ (ಗಾಳಿಯಾಡಲು ತಮಟೆಯಲ್ಲಿ ಕೂರಿಸುವ ಪುಟ್ಟ ಕೊಳವೆ) ಹಾಕಿದ ಕಿವಿಯಲ್ಲಿಯೂ ಹೀಗೆಯೇ. ತಮಟೆಯ ರಂಧ್ರವನ್ನು ಮುಚ್ಚಿದ ಕೆಲವು ತಿಂಗಳ ಬಳಿಕ ಕಸಿ ಒಳಸೆಳೆದುಕೊಳ್ಳುವಾಗ ತೊಂದರೆ ಬಯಲಾಗುತ್ತದೆ. ಅಲ್ಲದೆ ದವಡೆಕೀಲಿನ ನೋವು ಇರುವವರೂ ಈ ಪ್ರಶ್ನಾವಳಿಯಲ್ಲಿ ಹೆಚ್ಚಿನ ಅಂಕ ಪಡೆಯಬಹುದು. ಆದ್ದರಿಂದ ಇದು ಲಕ್ಷಣಗಳ ತೀವ್ರತೆಯನ್ನು ಅಳೆಯಲು ಒಳ್ಳೆಯದು, ರೋಗನಿರ್ಣಯಕ್ಕೆ ಸಾಲದು.

ನನ್ನ ದೃಷ್ಟಿಯಲ್ಲಿ ಅತ್ಯಂತ ನಿರ್ಲಕ್ಷ್ಯಕ್ಕೆ ಒಳಗಾದ ಪರೀಕ್ಷೆ ಎಂದರೆ ಇನ್ನೊಂದು ಕಿವಿಯನ್ನು ಸೂಕ್ಷ್ಮದರ್ಶಕದಡಿ ನೋಡುವುದು. ಅಲ್ಲಿ ತಮಟೆ ಒಳಸೆಳೆದುಕೊಂಡಿದ್ದರೆ, ಮೇಲ್ಭಾಗದಲ್ಲಿ ಜೇಬಿನಂತೆ ಕುಳಿಬಿದ್ದಿದ್ದರೆ, ಒಳಗೆ ದ್ರವವಿದ್ದರೆ ಅಥವಾ ಟಿಂಪನೋಗ್ರಾಂ ಸಿ ಮಾದರಿಯದಾಗಿದ್ದರೆ (ಮಧ್ಯಕಿವಿಯಲ್ಲಿ ಋಣ ಒತ್ತಡವಿದೆಯೆಂದು ತೋರಿಸಿದರೆ), ನಳಿಕೆ ವರ್ಷಗಟ್ಟಲೆ ಹೇಗೆ ನಡೆದುಕೊಂಡಿದೆ ಎಂಬುದರ ದಾಖಲೆಯೇ ನಿಮ್ಮ ಮುಂದಿರುತ್ತದೆ. ಯಂತ್ರದ ಪರೀಕ್ಷೆ ಕೆಲವು ನಿಮಿಷಗಳ ಚಿತ್ರವನ್ನಷ್ಟೇ ಕೊಡುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚಿನ ನಳಿಕೆ ಪರೀಕ್ಷೆಗಳು ಕಸಿಯ ಯಶಸ್ಸನ್ನು ಎಷ್ಟರಮಟ್ಟಿಗೆ ಮುನ್ಸೂಚಿಸುತ್ತವೆ ಎಂಬ ವಿಷಯದಲ್ಲಿ ಪ್ರಕಟಿತ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಪರೀಕ್ಷೆ ಚೆನ್ನಾಗಿ ಬಂದರೆ ಧೈರ್ಯ ತಂದುಕೊಳ್ಳಬಹುದು, ಕೆಟ್ಟದಾಗಿ ಬಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಲು ಅದು ಕಾರಣವಾಗದು. ಅಂಥ ಕಿವಿಯಲ್ಲಿ ನಾನು ಬರಿಯ ಫೇಷಿಯಾ (ಸ್ನಾಯುವಿನ ಹೊದಿಕೆಯ ತೆಳು ಪೊರೆ) ಬದಲು ಕಾರ್ಟಿಲೇಜ್ (ಮೃದ್ವಸ್ಥಿ) ಕಸಿಯತ್ತ ಒಲಿಯುತ್ತೇನೆ.

ಎಂಡೋಸ್ಕೋಪಿಯನ್ನು ಯಾರೂ ಬಿಡಬಾರದು. ಮೂಗಿನ ಹಿಂಭಾಗದಲ್ಲಿ ನಳಿಕೆಯ ಬಾಯಿಯನ್ನು ನೋಡುತ್ತ ರೋಗಿಗೆ ನುಂಗಲು, ಆಕಳಿಸಲು ಹೇಳಿದರೆ ಲೋಳೆಪೊರೆಯ ಊತ, ಅಡಿನಾಯ್ಡ್‌ನ (ಮೂಗಿನ ಹಿಂಭಾಗದ ದುಗ್ಧ ಅಂಗಾಂಶ) ಒತ್ತಡ, ತೆರೆದುಕೊಳ್ಳುವ ಚಲನೆಯ ಕೊರತೆ ಕಣ್ಣಿಗೇ ಕಾಣುತ್ತವೆ. ವಯಸ್ಕರಲ್ಲಿ ಒಂದೇ ಕಿವಿಯಲ್ಲಿ ದ್ರವ ತುಂಬಿದ್ದರೆ ನಳಿಕೆಯ ಬಾಯಿಯ ಹಿಂದಿರುವ ರೋಸೆನ್‌ಮ್ಯೂಲರ್ ಕುಳಿಯಲ್ಲಿ ಗಡ್ಡೆಯಿಲ್ಲವೆಂದು ನೋಡಿ ಖಚಿತಪಡಿಸಿಕೊಳ್ಳುವವರೆಗೆ ‘ನಳಿಕೆಯ ತೊಂದರೆ’ ಎಂಬ ನಿರ್ಣಯವನ್ನು ಬರೆಯಲೇಬಾರದು.

ಮರುಪ್ರಶ್ನೆ: ಸ್ನಾತಕೋತ್ತರ ವಿದ್ಯಾರ್ಥಿ

ಇಬ್ಬರಿಗೂ ಧನ್ಯವಾದಗಳು. ರಂಧ್ರವೇ ಲಕ್ಷಣವನ್ನು ಮರೆಮಾಡುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಸದಾ ತೆರೆದಿರುವ ನಳಿಕೆಯ ಪ್ರಸ್ತಾಪ ಬಂದುದರಿಂದ ಕೇಳುತ್ತೇನೆ: ತಮಟೆ ಒಳಸೆಳೆದುಕೊಂಡಿದೆ ಎಂದರೆ ನಳಿಕೆ ಮುಚ್ಚಿದೆ ಎಂದೇ ಅರ್ಥವಲ್ಲವೇ? ಹಾಗೆಯೇ ನುಂಗುವಾಗ ಮೂಗಿನ ಮೂಲಕ ಒತ್ತಡ ಕೊಟ್ಟು ನಳಿಕೆಯನ್ನು ಪರೀಕ್ಷಿಸುವ ಟ್ಯೂಬೋಮನೋಮೆಟ್ರಿ ಯಂತ್ರ ಇಂಥ ರೋಗಿಗಳಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಇನ್ನೊಬ್ಬ ಕಿವಿ-ಮೂಗು-ಗಂಟಲು ವೈದ್ಯೆ

ಹಾಗೆಂದೇ ಅರ್ಥವಲ್ಲ. 2015ರ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆ ನಳಿಕೆಯ ತೊಂದರೆಯನ್ನು ಸರಿಯಾಗಿ ತೆರೆಯದಿರುವುದು, ವಿಮಾನಯಾನ ಅಥವಾ ನೀರಿನ ಆಳಕ್ಕೆ ಇಳಿಯುವಂಥ ಒತ್ತಡ ಬದಲಾವಣೆಯಲ್ಲಿ ಮಾತ್ರ ತೋರುವುದು, ಸದಾ ತೆರೆದಿರುವುದು ಎಂದು ವಿಂಗಡಿಸಿತು. ಕೊನೆಯ ಗುಂಪಿನ ಕೆಲವರು ತಮ್ಮದೇ ಧ್ವನಿ, ಉಸಿರು ಕಿವಿಯಲ್ಲಿ ಮೊಳಗುವುದನ್ನು ತಾಳಲಾಗದೆ ಪದೇ ಪದೇ ಮೂಗಿನಿಂದ ಜೋರಾಗಿ ಉಸಿರು ಒಳಕ್ಕೆ ಸೇದಿಕೊಳ್ಳುತ್ತಾರೆ. ಹಾಗೆ ಸೇದಿದಾಗ ಮಧ್ಯಕಿವಿಯ ಗಾಳಿ ಹೀರಲ್ಪಟ್ಟು ನಳಿಕೆ ಅಂಟಿಕೊಳ್ಳುತ್ತದೆ, ಮೊಳಗು ನಿಲ್ಲುತ್ತದೆ, ಅಭ್ಯಾಸ ಗಟ್ಟಿಯಾಗುತ್ತದೆ. ವರ್ಷಗಳು ಕಳೆದಂತೆ ತಮಟೆ ಒಳಸೆಳೆದುಕೊಂಡು ಕೊಲೆಸ್ಟಿಯಟೋಮಕ್ಕೂ (ಮಧ್ಯಕಿವಿಯಲ್ಲಿ ಚರ್ಮದ ಪದರ ಬೆಳೆದು ಮೂಳೆಯನ್ನು ಸವೆಸುವ ರೋಗ) ದಾರಿಯಾಗಬಹುದು. ಟಿಂಪನೋಗ್ರಾಂ ಸಿ ಮಾದರಿಯನ್ನೇ ತೋರಿಸುವುದರಿಂದ ‘ಮುಚ್ಚಿದ ನಳಿಕೆ’ ಎಂಬ ನಿರ್ಣಯ ಸುಲಭವಾಗಿ ಅಂಟಿಕೊಳ್ಳುತ್ತದೆ. ಅದನ್ನು ನಂಬಿ ಬಲೂನಿನಿಂದ ಹಿಗ್ಗಿಸಿದರೆ ರೋಗಿಯ ಸ್ಥಿತಿ ಇನ್ನಷ್ಟು ಹದಗೆಡಬಹುದು.

ಆದ್ದರಿಂದ ಒಳಸೆಳೆತವಿರುವ ಪ್ರತಿಯೊಬ್ಬರಿಗೂ ಮೂಗು ಸೇದುವ ಅಭ್ಯಾಸವಿದೆಯೇ, ಮಲಗಿದಾಗ ಮೊಳಗು ಕಡಿಮೆಯಾಗುತ್ತದೆಯೇ, ಇತ್ತೀಚೆಗೆ ತೂಕ ಇಳಿದಿದೆಯೇ ಎಂದು ಕೇಳಿ. ತಮಟೆ ಅಖಂಡವಾಗಿದ್ದರೆ ರೋಗಿಯನ್ನು ಕುಳ್ಳಿರಿಸಿ, ಒಂದು ಹೊಳ್ಳೆಯನ್ನು ಮುಚ್ಚಿಸಿ ಆಳವಾಗಿ ಉಸಿರಾಡಿಸುತ್ತ ತಮಟೆ ಉಸಿರಿನೊಂದಿಗೆ ಅಲುಗುವುದೇ ಎಂದು ನೋಡಿ. ಪರೀಕ್ಷೆಗೆ ಮೊದಲು ಮೂಗು ಸೇದಬಾರದೆಂದು ಹೇಳಲು ಮರೆಯಬೇಡಿ. ಮಲಗಿಸಿ ನೋಡುವುದೂ ಬೇಡ, ಏಕೆಂದರೆ ಆ ಭಂಗಿಯಲ್ಲಿ ಸಿರೆಗಳು ತುಂಬಿಕೊಂಡು ನಳಿಕೆ ತಾತ್ಕಾಲಿಕವಾಗಿ ಮುಚ್ಚಿಕೊಳ್ಳುತ್ತದೆ. ಉಸಿರಿನ ಸದ್ದಿಲ್ಲದೆ ತನ್ನ ಧ್ವನಿ ಅಥವಾ ಕಣ್ಣುಗುಡ್ಡೆಯ ಚಲನೆ ಕೇಳಿಸುತ್ತದೆ ಎನ್ನುವವರಲ್ಲಿ ಒಳಕಿವಿಯ ಮೇಲಿನ ಅರ್ಧವೃತ್ತನಾಳದ ಮೂಳೆ ತೆರೆದುಕೊಂಡಿರುವ ಸಾಧ್ಯತೆಯನ್ನು ಹುಡುಕಬೇಕು.

ಟ್ಯೂಬೋಮನೋಮೆಟ್ರಿ ರಂಧ್ರವಿದ್ದರೂ ಇಲ್ಲದಿದ್ದರೂ ಮಾಡಬಹುದಾದ ಪರೀಕ್ಷೆ. ನುಂಗುವ ಕ್ಷಣದಲ್ಲಿ ಮೂಗಿನ ಮೂಲಕ 30, 40, 50 ಮಿಲಿಬಾರ್ ಒತ್ತಡ ಕೊಟ್ಟು, ಕಿವಿಯ ಕಾಲುವೆಯಲ್ಲಿ ಒತ್ತಡ ಬದಲಾಗಲು ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಆರ್ ಮೌಲ್ಯವಾಗಿ ಲೆಕ್ಕಹಾಕುತ್ತಾರೆ. ಅದು 1 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಕಾಲಿಕ, ಹೆಚ್ಚಿದ್ದರೆ ವಿಳಂಬ, ದೊರೆಯದೇ ಇದ್ದರೆ ನಳಿಕೆ ತೆರೆಯಲಿಲ್ಲ. ಆದರೂ ಇಲ್ಲಿ ಸ್ನಾಯುವಿನ ಜೊತೆಗೆ ಹೊರಗಿನ ಒತ್ತಡವೂ ಕೈಜೋಡಿಸುತ್ತದೆ ಎಂಬುದು ನೆನಪಿರಲಿ.

ಉತ್ತರ: ಶ್ರವಣತಜ್ಞೆ

ಒಂದು ಸೇರ್ಪಡೆ. ಮೇಲಿನ ಯಾವ ಪರೀಕ್ಷೆಯೂ ನಳಿಕೆಯ ಶುಚಿಗೊಳಿಸುವ ಕೆಲಸವನ್ನು ಅಳೆಯುವುದಿಲ್ಲ. ಒಣಗಿದ ರಂಧ್ರದ ಮೂಲಕ ಸ್ಯಾಕರಿನ್ ಇಟ್ಟು ಗಂಟಲಿಗೆ ಸಿಹಿ ಬರುವವರೆಗಿನ ಸಮಯ ನೋಡುವ, ಅಥವಾ ಮೆಥಿಲೀನ್ ನೀಲಿಯ ಹನಿ ಹಾಕಿ ಎಂಡೋಸ್ಕೋಪಿನಲ್ಲಿ ನಳಿಕೆಯ ಬಾಯಿಯತ್ತ ಕಾಯುವ ಹಳೆಯ ವಿಧಾನ ಅದಕ್ಕೆ ಈಗಲೂ ಉಪಯುಕ್ತ. ಗಾಳಿ ಚೆನ್ನಾಗಿ ಹಾಯುವ ಕಿವಿಯಲ್ಲಿಯೂ ಲೋಳೆಯ ಸಾಗಣೆ ನಿಂತಿರಬಹುದು. ಆದ್ದರಿಂದ ಕೇಸ್ ಶೀಟಿನಲ್ಲಿ ‘ನಳಿಕೆ ಸರಿಯಿದೆ’ ಎನ್ನುವ ಬದಲು ಯಾವ ಪರೀಕ್ಷೆ, ಯಾವ ಒತ್ತಡ, ಎಷ್ಟು ನುಂಗಿನ ಬಳಿಕ ಎಷ್ಟು ಉಳಿಯಿತು ಎಂದು ಬರೆದಿಟ್ಟರೆ, ಆರು ತಿಂಗಳ ಬಳಿಕ ಕಸಿಯನ್ನು ನೋಡುವವರಿಗೆ ಹೋಲಿಸಲು ಆಧಾರ ಸಿಗುತ್ತದೆ.